ಬಾವಿಯ ಬಾಯಿ ಯಾರ ಹೊಣೆ?

(ಸ್ನಾನಿಕ ಯೊವಾನ್ನರ ಜನನೋತ್ಸವ, ಜೂನ್ 24: ಹಬ್ಬದ ಚಿಂತನೆ)



ಧರ್ಮಸಭೆಯು ಪೂಜಾ ವರ್ಷದಲ್ಲಿ ಮೂವರ ಜನ್ಮದಿನವನ್ನು ಮಾತ್ರ ಹಬ್ಬವಾಗಿ ಆಚರಿಸುತ್ತದೆ. ಒಂದು ನಮ್ಮ ಪ್ರಭು ಯೇಸುಕ್ರಿಸ್ತರದು, ಇನ್ನೊಂದು ಮಾತೆ ಮರಿಯಮ್ಮನವರದು, ಮೂರನೆಯದು ಸ್ನಾನಿಕ ಯೊವಾನ್ನರದು. ಜೂನ್ 24ರಂದು ಬರುವ ಈ ಹಬ್ಬಕ್ಕೆ ನಮ್ಮ ಬೀದರ ಸೀಮೆಯಲ್ಲಿ ಒಂದು ವಿಶೇಷ ಅರ್ಥವಿದೆ. ಮೃಗಶಿರ ಮಳೆ ಮುಗಿದು ಆರಿದ್ರ ಮಳೆ ಕಾಲಿಡುವ ಸಮಯವದು. ಭಾಲ್ಕಿಯ ಕರಿಯ ನೆಲದಲ್ಲಿ, ಔರಾದಿನ ಹೊಲಗಳಲ್ಲಿ ಸೋಯಾ, ತೊಗರಿ, ಉದ್ದು, ಹೆಸರು ಬಿತ್ತುವವರು ಆಕಾಶದ ಕಡೆ ಮುಖ ಮಾಡಿ ನಿಂತಿರುತ್ತಾರೆ. ನೀರಿನಿಂದ ದೀಕ್ಷೆ ಕೊಟ್ಟ ಪ್ರವಾದಿಯ ಹಬ್ಬವು ನಾವು ನೀರಿಗಾಗಿ ಕಾಯುವ ದಿನದಲ್ಲೇ ಬರುತ್ತದೆ.

ಯೊವಾನ್ನರ ಬೋಧನೆ ಕೇಳಿದ ಜನ ಜೋರ್ಡಾನ್ ನದಿಯ ದಡದಲ್ಲಿ ಅವರನ್ನು ಸುತ್ತುವರಿದು, ಇನ್ನು ತಾವು ಮಾಡಬೇಕಾದುದು ಏನೆಂದು ಕೇಳಿದರು ಎಂದು ಸಂತ ಲೂಕರು ಬರೆಯುತ್ತಾರೆ. ಯೊವಾನ್ನರು ಎಲ್ಲರಿಗೂ ಒಂದೇ ಉತ್ತರ ಕೊಡಲಿಲ್ಲ. ಎರಡು ಅಂಗಿ ಇದ್ದವನಿಗೆ ಒಂದನ್ನು ಇಲ್ಲದವನಿಗೆ ಕೊಡಲು ಹೇಳಿದರು. ಸುಂಕದವನಿಗೆ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡ ಎಂದರು. ಸೈನಿಕನಿಗೆ ಬೆದರಿಸಿ ಕಿತ್ತುಕೊಳ್ಳಬೇಡ, ಸಂಬಳದಲ್ಲಿ ತೃಪ್ತನಾಗಿರು ಎಂದರು. ಯಾರನ್ನೂ ಅಡವಿಗೆ ಬಂದುಬಿಡಿ ಎನ್ನಲಿಲ್ಲ. ಅವರವರು ನಿಂತ ಜಾಗದಲ್ಲೇ ಅವರವರ ಹೊಣೆಯನ್ನು ತೋರಿಸಿಕೊಟ್ಟರು. ಇಂದು ಬೀದರ, ಭಾಲ್ಕಿ, ಔರಾದಿನಲ್ಲಿ ನಿಂತಿರುವ ನಮಗೆ ಅವರು ತೋರಿಸುವ ಹೊಣೆ ಯಾವುದು?

ನಮ್ಮ ಕಾಲ ಕೆಳಗಿನ ಕೊಡುಗೆ

ಬೀದರ ನಗರ ಇರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಈ ಕೆಂಪು ಕಲ್ಲು ಸಣ್ಣ ಸಣ್ಣ ತೂತುಗಳಿಂದ ತುಂಬಿದ್ದು, ಬಿದ್ದ ಮಳೆಯನ್ನು ಹೀರಿಕೊಳ್ಳುತ್ತದೆ. ಅದರ ಕೆಳಗಿರುವುದು ಗಟ್ಟಿಯಾದ ಕರಿಕಲ್ಲು. ಅದು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಹಾಗಾಗಿ ಇಳಿದು ಬಂದ ನೀರು ಎರಡು ಕಲ್ಲುಗಳ ಸಂಧಿಯಲ್ಲಿ ಶೇಖರವಾಗಿ, ಮೆಲ್ಲನೆ ಹರಿದು, ಗುಡ್ಡದ ಅಂಚಿನಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ಗುರುನಾನಕ ಝೀರಾದಲ್ಲಿ ಸಿಖ್ ಬಾಂಧವರು ಭಕ್ತಿಯಿಂದ ಕುಡಿಯುವ ನೀರು ಹೀಗೆ ಬಂದದ್ದು. ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗುವುದೂ ಇದೇ ಕಾರಣದಿಂದ. ಎಲ್ಲರಿಗೂ ನೀರುಣಿಸಲು ಈ ನೆಲ ಯಾರ ಮತವನ್ನೂ ಕೇಳಲಿಲ್ಲ.

ಈ ಕೊಡುಗೆಯನ್ನು ನಮ್ಮ ಹಿರಿಯರು ಚೆನ್ನಾಗಿ ತಿಳಿದಿದ್ದರು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಆ ಕಾಲದಲ್ಲಿ ಇರಾನಿನೊಡನೆ ಇದ್ದ ನಂಟಿನಿಂದ 'ಕರೇಜ್' ಎಂಬ ನೀರಿನ ವಿದ್ಯೆ ಇಲ್ಲಿಗೆ ಬಂದಿತು. ನಮ್ಮ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಎತ್ತರದ ಜಾಗದಲ್ಲಿ ಒಂದು ತಾಯಿ ಬಾವಿ ತೋಡಿ, ಅಲ್ಲಿಂದ ನೆಲದೊಳಗೆ ಸ್ವಲ್ಪವೇ ಇಳಿಜಾರಿರುವಂತೆ ಸುರಂಗ ಕೊರೆಯುತ್ತಾರೆ. ಸುರಂಗದುದ್ದಕ್ಕೂ ಅಲ್ಲಲ್ಲಿ ನೆಲದಿಂದ ಕೆಳಕ್ಕೆ ನೇರವಾದ ಬಾಯಿಗಳಿರುತ್ತವೆ. ಅಗೆದ ಮಣ್ಣನ್ನು ಮೇಲೆತ್ತಲು, ಒಳಗೆ ಗಾಳಿ ಆಡಲು, ಹೂಳು ತೆಗೆಯಲು, ನೀರು ಸೇದಲು ಇವೇ ದಾರಿ. ಮೋಟಾರು ಬೇಡ, ವಿದ್ಯುತ್ತು ಬೇಡ. ನೀರು ತಾನಾಗಿ ಹರಿಯುತ್ತದೆ. ಬೀದರಿನ ನೌಬಾದ್‌ನಲ್ಲಿರುವ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಿದ್ದು, ಇಪ್ಪತ್ತಕ್ಕೂ ಹೆಚ್ಚು ಬಾಯಿಗಳನ್ನು ಹೊಂದಿದೆ. ಇರಾನಿನ ಇಂಥವೇ ಸುರಂಗಗಳನ್ನು ಯುನೆಸ್ಕೋ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕರೇಜಿನ ಸ್ವಭಾವವನ್ನು ಸ್ವಲ್ಪ ಗಮನಿಸೋಣ. ಅದು ನೆಲ ಕೊಟ್ಟಷ್ಟನ್ನೇ ಕೊಡುತ್ತದೆ. ಇನ್ನೂ ಬೇಕೆಂದು ಆಳಕ್ಕೆ ಇಳಿದು ಎಳೆಯಲು ಬರುವುದಿಲ್ಲ. ಮತ್ತೊಂದು ಮಾತು: ಇಪ್ಪತ್ತು ಬಾಯಿಗಳಲ್ಲಿ ಹತ್ತೊಂಬತ್ತನ್ನು ಕಾಪಾಡಿದರೆ ಸಾಲದು. ಒಂದೇ ಒಂದು ಬಾಯಿಯಿಂದ ಬಿದ್ದ ಮಣ್ಣು, ಕಸ ಸುರಂಗವನ್ನು ಮುಚ್ಚಿದರೂ ಅದರ ಕೆಳಗಿನವರಿಗೆ ನೀರಿಲ್ಲ. 'ನನ್ನ ಮನೆ ಮುಂದಿನ ಬಾಯಿ, ನಾನು ಏನು ಬೇಕಾದರೂ ಹಾಕುತ್ತೇನೆ' ಎನ್ನುವಂತಿಲ್ಲ.

ನಮ್ಮ ತಪ್ಪೊಪ್ಪಿಗೆ

ನಳ ಬಂದಿತು, ಕೊಳವೆ ಬಾವಿ ಬಂದಿತು. ಊರಿನ ಬಾವಿಗಳನ್ನು ಕೇಳುವವರಿಲ್ಲದಾಯಿತು. ಕರೇಜಿನ ಬಾಯಿಗಳು ಕಸದ ಗುಂಡಿಗಳಾದವು, ಕೆಲವು ಮಣ್ಣಿನಡಿ ಮರೆಯಾದವು. ಇದನ್ನು ಹೇಳುವಾಗ ನಾವು ಇತರರ ಕಡೆ ಬೆರಳು ತೋರಿಸಲಾರೆವು. ಏಕೆಂದರೆ ನಮ್ಮ ಧರ್ಮಕೇಂದ್ರದ ಅಂಗಳದಲ್ಲಿಯೂ ಒಂದು ಹಳೆಯ ಸೇದುವ ಬಾವಿ ಇತ್ತು. ಕೊಳವೆ ಬಾವಿ ಹಾಕಿಸಿದ ವರ್ಷದಿಂದ ಅದಕ್ಕೆ ಹಗ್ಗ ಇಳಿಯಲಿಲ್ಲ. ಹಬ್ಬದ ಮರುದಿನ ಬಾಡಿದ ಹೂವಿನ ಹಾರಗಳು, ಊಟದ ಪ್ಲಾಸ್ಟಿಕ್ ಲೋಟಗಳು, ಒಡೆದ ಮಡಕೆ, ಹರಿದ ತೋರಣ ಎಲ್ಲವೂ ಅದರೊಳಗೆ ಬಿದ್ದವು. ಯಾರೂ ಹಾಕು ಎನ್ನಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಅಂಗಳ ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು.

2016ರ ಬೇಸಿಗೆ ಬಂದಿತು. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಮಾಂಜ್ರಾ ನದಿ ಬತ್ತಿತ್ತು. ನಮ್ಮ ನೆರೆಯ ಲಾತೂರಿಗೆ ಆ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ತಂದದ್ದನ್ನು ಇಡೀ ದೇಶ ನೋಡಿತು. ನಮ್ಮ ಅಂಗಳದ ಕೊಳವೆ ಬಾವಿ ದಿನಕ್ಕೆ ಅರ್ಧ ಗಂಟೆ ಮಾತ್ರ ನೀರು ಕೊಡತೊಡಗಿತು. ಅಕ್ಕಪಕ್ಕದ ಓಣಿಯ ಹೆಣ್ಣುಮಕ್ಕಳು ಬೆಳಗಿನ ನಾಲ್ಕಕ್ಕೇ ಕೊಡ ಹಿಡಿದು ಗೇಟಿನ ಮುಂದೆ ಸಾಲುಗಟ್ಟುತ್ತಿದ್ದರು. ಮೊದಲು ಮನೆಗೆ ನಾಲ್ಕು ಕೊಡ ಎಂದೆವು, ಆಮೇಲೆ ಎರಡು ಎಂದೆವು. ಕೊನೆಗೆ ನಮಗೇ ಸಾಲದೆಂದು ಗೇಟಿಗೆ ಕೀಲಿ ಹಾಕಿದೆವು. ಅಂದು ವಯಸ್ಸಾದ ಒಬ್ಬ ತಾಯಿ ಸಲಾಕೆ ಹಿಡಿದುಕೊಂಡು ಹೇಳಿದ ಮಾತು ನಮ್ಮ ಕಿವಿಯಿಂದ ಇನ್ನೂ ಹೋಗಿಲ್ಲ: "ಫಾದರ್, ಇದ್ದ ಬಾವಿಗಿ ಕಸ ತುಂಬೀರಿ, ಈಗ ಗೇಟಿಗಿ ಕೀಲಿ ಹಾಕೀರಿ. ನಾವ್ ಎಲ್ಲಿಗಿ ಹೋಗಬೇಕ್ರಿ?"

ಆ ವರ್ಷ ಪಾಸ್ಖ ಹಬ್ಬ ಮಾರ್ಚ್ 27ರಂದು ಬಂದಿತ್ತು. ಹಿಂದಿನ ರಾತ್ರಿಯ ಜಾಗರಣೆಯಲ್ಲಿ ನಾವು ನೀರನ್ನು ಆಶೀರ್ವದಿಸಿ, ದೀಕ್ಷಾಸ್ನಾನದ ವಚನಗಳನ್ನು ನವೀಕರಿಸಿ, ಆ ನೀರನ್ನು ತಲೆಯ ಮೇಲೆ ಚಿಮುಕಿಸಿಕೊಂಡಿದ್ದೆವು. ಎರಡು ತಿಂಗಳು ಕಳೆಯುವುದರೊಳಗೆ ಅದೇ ನೀರಿಗೆ ಕೀಲಿ ಹಾಕಿದೆವು. ಆ ತಾಯಿಗೆ ಕೊಡಲು ನಮ್ಮ ಬಳಿ ಉತ್ತರವಿರಲಿಲ್ಲ.

ಹೂಳು ತೆಗೆದವರು

ಅದೇ ಬರಗಾಲದಲ್ಲಿ ಬೀದರ ಜಿಲ್ಲೆ ಬೇರೊಂದು ದಾರಿಯನ್ನೂ ತೋರಿಸಿತು. ಕೇರಳದ ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ಸರಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿಯವರು ಇಲ್ಲಿಗೆ ಬಂದು, ಮರೆತುಹೋಗಿದ್ದ ಕರೇಜಿನ ಜಾಡನ್ನು ಹುಡುಕಿ ನಕ್ಷೆ ಮಾಡಿದ್ದರು. 'ಟೀಮ್ ಯುವಾ' ಎಂಬ ಹೆಸರಿನಲ್ಲಿ ಸೇರಿದ ಊರಿನ ಯುವಕ ಯುವತಿಯರು ಹಳೆಯ ಬಾವಿಗಳಿಗೆ ಇಳಿದು ಕಸ ಎತ್ತಿದರು. ಆಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿಯವರು ಕರೇಜಿನ ಹೂಳು ತೆಗೆಸುವುದರ ಜೊತೆಗೆ ಜಿಲ್ಲೆಯ ಅನೇಕ ಕೆರೆಗಳನ್ನೂ ತೆರೆದ ಬಾವಿಗಳನ್ನೂ ಸ್ವಚ್ಛಗೊಳಿಸಲು ಜನರನ್ನು ಹುರಿದುಂಬಿಸಿದರು. 2017ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಬೀದರಿನ ಜನ ತಮ್ಮ ಮನೆಯವರನ್ನು ಕಳೆದುಕೊಂಡಂತೆ ದುಃಖಿಸಿದರು.

ಇವರಲ್ಲಿ ಒಬ್ಬರು ಕೇರಳದವರು, ಒಬ್ಬರು ಉತ್ತರ ಪ್ರದೇಶದವರು, ಉಳಿದವರು ಊರಿನ ಬೇರೆ ಬೇರೆ ಓಣಿಗಳವರು. ಕಸ ಹಾಕಿದವರು ಯಾರೆಂದು ಪಟ್ಟಿ ಮಾಡುತ್ತ ಅವರು ಕುಳಿತುಕೊಳ್ಳಲಿಲ್ಲ. ನಮಗೂ ಆಗ ನಾಚಿಕೆಯಾಯಿತು. ಧರ್ಮಕೇಂದ್ರದ ಯುವಕರು, ಓಣಿಯ ಗಂಡಸರು ಸೇರಿ ನಮ್ಮ ಬಾವಿಯ ಕಸ ತೆಗೆದೆವು. ಒಂಬತ್ತು ದಿನ ಹಿಡಿಯಿತು. ತಳದಲ್ಲಿ ಕೆಸರು ಮಾತ್ರ ಸಿಕ್ಕಿತು. ಆದರೆ ಮಳೆಗಾಲದ ನಂತರ ಅದರಲ್ಲಿ ನೀರು ನಿಂತಿತು, ಮುಂದಿನ ಬೇಸಿಗೆಗೂ ಉಳಿಯಿತು. ಗೇಟಿನ ಕೀಲಿ ಈಗ ಹಗಲಿನಲ್ಲಿ ಬೀಳುವುದಿಲ್ಲ.

ನೆರೆಯವರ ಕೊಡ

ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಎಂಬ ವಿಶ್ವಪತ್ರದಲ್ಲಿ, ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಬೇರೆ ಬೇರೆಯಾಗಿ ಕೇಳಲಾಗದು ಎಂದು ತಿಳಿಸಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಬೀದರ ನಗರದ ನಳಕ್ಕೆ ನೀರು ಬರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಕಾರಂಜಾ ಜಲಾಶಯದಿಂದ. ಆ ನೀರಿನಡಿ ಹೊಲ, ಮನೆ ಕಳೆದುಕೊಂಡ ರೈತ ಕುಟುಂಬಗಳು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳಿಂದ ಹೋರಾಡುತ್ತ ಬಂದಿವೆ. ನಾವು ನಳ ತಿರುಗಿಸಿದಾಗ ಬರುವುದು ಅವರ ಹೊಲದ ಮೇಲೆ ನಿಂತ ನೀರು. ತಿರುಗಿಸಿ ಹಾಗೆಯೇ ಬಿಟ್ಟು ಹೋಗುವ ಮೊದಲು ಅವರನ್ನು ಒಂದು ಕ್ಷಣ ನೆನೆಯಬಾರದೇ? ಅವರ ಅಹವಾಲಿಗೆ ನಮ್ಮ ದನಿಯನ್ನೂ ಸೇರಿಸಬಾರದೇ?

ಬರ ಬಂದಾಗ ಕೊಡ ಹೊರುವವರು ಹೆಣ್ಣುಮಕ್ಕಳು. ಶಾಲೆ ಬಿಡುವವರೂ ಹೆಚ್ಚಾಗಿ ಅವರೇ. ಹೈದರಾಬಾದಿಗೋ ಪುಣೆಗೋ ಕೂಲಿಗೆ ಗುಳೆ ಹೋಗುವವರು ಭೂಮಿ ಇಲ್ಲದವರು. ಪ್ರವಾಹ ಬಂದಾಗಲೂ ಇದೇ ಕಥೆ. 2025ರ ಮಳೆಗಾಲದಲ್ಲಿ ಮಾಂಜ್ರಾ ಉಕ್ಕಿ ಹರಿದು ಭಾಲ್ಕಿ, ಔರಾದ ಭಾಗದ ಬೆಳೆ ನೀರಿನಲ್ಲಿ ನಿಂತಾಗ ಮೊದಲು ಕೈ ಸೋತವರು ಸಾಲ ಮಾಡಿ ಬಿತ್ತಿದ ಸಣ್ಣ ರೈತರು. ಆದ್ದರಿಂದ ಪರಿಸರದ ಕಾಳಜಿಯನ್ನು ಉಳ್ಳವರ ಹವ್ಯಾಸ ಎಂದು ತಳ್ಳಿಹಾಕುವಂತಿಲ್ಲ. ಅದು ನೆರೆಯವರ ಮೇಲಿನ ಪ್ರೀತಿಯ ಒಂದು ಅಂಗ.

ಸಮಾಜದ ಹೊಣೆ ಹೊರುವುದು ಹೇಗೆಂಬುದಕ್ಕೆ ನಮ್ಮದೇ ನೆಲದ ಒಬ್ಬ ಹಿರಿಯರು ದಾರಿ ತೋರಿಸಿದ್ದಾರೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಡಳಿತದಲ್ಲಿ ಕನ್ನಡ ಕಲಿಸಲು ಅಡ್ಡಿಯಿದ್ದಾಗ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಜಾತಿ ನೋಡದೆ ಮಕ್ಕಳನ್ನು ಒಟ್ಟಿಗೆ ಕೂಡಿಸಿದರು. ಅವರು ಸರಕಾರ ಬದಲಾಗಲಿ, ಆಮೇಲೆ ಶುರುಮಾಡೋಣ ಎನ್ನಲಿಲ್ಲ. ಇಂದು ನಾವು ಈ ಪತ್ರಿಕೆಯನ್ನು ಕನ್ನಡದಲ್ಲಿ ಓದುತ್ತಿರುವುದರಲ್ಲಿ ಅಂಥವರ ಬೆವರೂ ಇದೆ.

ಒಳಗಿನ ಹೂಳು

ಬಾವಿಯ ಹೂಳು ಕಣ್ಣಿಗೆ ಕಾಣುತ್ತದೆ, ಮನಸ್ಸಿನ ಹೂಳು ಕಾಣುವುದಿಲ್ಲ. ಯೊವಾನ್ನರ ಬಾಲ್ಯದ ಬಗ್ಗೆ ಶುಭಸಂದೇಶ ಹೆಚ್ಚು ಹೇಳುವುದಿಲ್ಲ. ಮಗು ಬೆಳೆಯುತ್ತ ಆತ್ಮಶಕ್ತಿಯನ್ನು ಪಡೆದುಕೊಂಡಿತು, ಜನರ ಮುಂದೆ ಬರುವ ದಿನದವರೆಗೂ ಬೆಂಗಾಡಿನಲ್ಲಿ ವಾಸಿಸಿತು ಎಂದಷ್ಟೇ ತಿಳಿಸುತ್ತದೆ. ಅಂದರೆ ನದಿಯ ದಡದಲ್ಲಿ ನಿಂತು ಸಾವಿರಾರು ಜನರಿಗೆ ದಾರಿ ಹೇಳಿದ ವ್ಯಕ್ತಿ ಅದಕ್ಕೂ ಮೊದಲು ಹಲವು ವರ್ಷ ಯಾರಿಗೂ ಕಾಣದೆ ತನ್ನನ್ನು ತಾನು ತಿದ್ದಿಕೊಂಡಿದ್ದನು. ತನ್ನ ಹಸಿವನ್ನು, ಕೋಪವನ್ನು, ಹೆಸರಿನ ಆಸೆಯನ್ನು ಹಿಡಿತಕ್ಕೆ ತಂದುಕೊಂಡಿದ್ದನು. ಆದ್ದರಿಂದಲೇ ಯೇಸುಸ್ವಾಮಿ ಬಂದಾಗ ತಾನು ಹಿಂದೆ ಸರಿಯುವುದು ಅವನಿಗೆ ಕಷ್ಟವಾಗಲಿಲ್ಲ.

ನಮ್ಮ ಭಾಗದ ಯುವಜನರಿಗೆ ಇದು ಮುಖ್ಯವಾದ ಮಾತು. ಸಂವಿಧಾನದ 371(ಜೆ) ವಿಧಿಯಿಂದ 2013ರ ನಂತರ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿ, ಸರಕಾರಿ ನೌಕರಿಯಲ್ಲಿ ಮೀಸಲಾತಿ ದೊರೆತಿದೆ. ಬಾಗಿಲನ್ನು ಕಾನೂನು ತೆರೆಯಬಹುದು, ಒಳಗೆ ನಡೆದು ಹೋಗಬೇಕಾದವರು ನಾವೇ. ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಕಣ್ಣಿಟ್ಟು, ಬೆಳಿಗ್ಗೆ 'ನಮ್ಮ ಭಾಗ ಹಿಂದುಳಿದಿದೆ' ಎನ್ನುವುದರಲ್ಲಿ ಅರ್ಥವಿಲ್ಲ. ದುಡಿದ ಕೂಲಿಯ ಅರ್ಧವನ್ನು ಕುಡಿತಕ್ಕೆ ಸುರಿದು, ಮಗಳ ಫೀಸಿಗೆ ದುಡ್ಡಿಲ್ಲವೆನ್ನುವ ತಂದೆಯೂ ತನ್ನ ಬಾವಿಗೆ ತಾನೇ ಕಸ ಹಾಕುತ್ತಿದ್ದಾನೆ. ಗುರುಗಳಾದ ನಮಗೂ ಈ ಮಾತಿನಿಂದ ವಿನಾಯಿತಿ ಇಲ್ಲ. ಪೀಠದಿಂದ ಉಪದೇಶಿಸಿ ಅಂಗಳದಲ್ಲಿ ಮರೆತುಬಿಡುವುದು ನಮ್ಮ ಹೂಳು.

ಕರೇಜಿನ ಸುರಂಗದಲ್ಲಿ ತಾಯಿ ಬಾವಿ, ನಡುವಿನ ಬಾಯಿಗಳು, ಕೊನೆಯ ಹೊಂಡ ಎಲ್ಲವೂ ಒಂದೇ ನೀರಿಗೆ ಸೇರಿದವು. ಹಾಗೆಯೇ ಸೃಷ್ಟಿಯ ಹೊಣೆ, ಸಮಾಜದ ಹೊಣೆ, ನಮ್ಮ ನಮ್ಮ ಬೆಳವಣಿಗೆಯ ಹೊಣೆ ಒಂದರಿಂದೊಂದು ಬೇರೆಯಲ್ಲ. ತನ್ನನ್ನು ತಾನು ತಿದ್ದಿಕೊಳ್ಳದವನು ಬಾವಿಯನ್ನು ಒಂದು ದಿನ ತೊಳೆಯಬಹುದು, ಮರುದಿನ ಮತ್ತೆ ಕಸ ಹಾಕುತ್ತಾನೆ. ನೆರೆಯವರನ್ನು ಮರೆತವನು ಬಾವಿಯನ್ನು ಚೊಕ್ಕಟವಾಗಿಟ್ಟರೂ ಗೇಟಿಗೆ ಕೀಲಿ ಹಾಕುತ್ತಾನೆ.

ಕ್ರಿಸ್ತ ಜಯಂತಿಯವರೆಗೆ ಆರು ತಿಂಗಳು

ಈ ಹಬ್ಬದಿಂದ ಕ್ರಿಸ್ತ ಜಯಂತಿಗೆ ಸುಮಾರು ಆರು ತಿಂಗಳು. ದೊಡ್ಡ ಶಪಥಗಳ ಬದಲು ಪ್ರತಿಯೊಂದು ಕುಟುಂಬ ಮಾಡಬಹುದಾದ ಮೂರು ಕೆಲಸಗಳನ್ನು ನಾವು ಮುಂದಿಡುತ್ತೇವೆ.

ಮೊದಲನೆಯದು, ನಮ್ಮ ಚಾವಣಿಯ ಮಳೆಯನ್ನು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಸಾಧಾರಣ ಮನೆಯ ಚಾವಣಿ ಸುಮಾರು 55 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವುದು 44,000 ಲೀಟರ್. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 35,000 ಲೀಟರ್ ಸಿಗುತ್ತದೆ. ಐದು ಜನರ ಮನೆ ದಿನಕ್ಕೆ 500 ಲೀಟರ್ ಬಳಸಿದರೆ ಎಪ್ಪತ್ತು ದಿನ, ಅಂದರೆ ಇಡೀ ಬೇಸಿಗೆಯ ಹೆಚ್ಚು ಭಾಗಕ್ಕೆ ಸಾಕಾಗುವಷ್ಟು. ಅಷ್ಟನ್ನೂ ಹಿಡಿದಿಡುವ ತೊಟ್ಟಿ ಎಲ್ಲರಿಗೂ ಸಾಧ್ಯವಿಲ್ಲ ನಿಜ. ಆದರೆ ಒಂದು ಪೈಪನ್ನು ಜೋಡಿಸಿ, ಜಲ್ಲಿ-ಮರಳಿನಲ್ಲಿ ಸೋಸಿ ಹಳೆಯ ಬಾವಿಗೋ ಇಂಗುಗುಂಡಿಗೋ ಬಿಡುವುದು ಸಾಧ್ಯ.

ಎರಡನೆಯದು, ಪ್ರತಿಯೊಂದು ಓಣಿಯಲ್ಲಿ, ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯದಲ್ಲಿ ಒಂದು ಬಾವಿಯನ್ನಾಗಲಿ, ಹಳ್ಳವನ್ನಾಗಲಿ ತಮ್ಮದೆಂದು ಒಪ್ಪಿಕೊಳ್ಳೋಣ. ಆ ಕೆಲಸಕ್ಕೆ ಲಿಂಗಾಯತ, ಮುಸ್ಲಿಂ, ದಲಿತ, ಮೆಥೋಡಿಸ್ಟ್ ನೆರೆಯವರನ್ನು ಮೊದಲೇ ಕರೆಯೋಣ. ಬಾವಿಗೆ ಇಳಿಯುವ ಮುನ್ನ ಗಾಳಿ ಸರಿಯಾಗಿದೆಯೇ ಎಂದು ಬಲ್ಲವರಿಂದ ಪರೀಕ್ಷಿಸಿ, ಸೊಂಟಕ್ಕೆ ಹಗ್ಗ ಕಟ್ಟದೆ ಯಾರನ್ನೂ ಇಳಿಸಬೇಡಿ. ಬಡವನ ಜೀವವನ್ನು ಪಣವಿಟ್ಟು ಮಾಡುವ ಸ್ವಚ್ಛತೆ ದೇವರಿಗೆ ಬೇಕಿಲ್ಲ. ಹಬ್ಬದ ಊಟಕ್ಕೆ ಪ್ಲಾಸ್ಟಿಕ್ ಲೋಟದ ಬದಲು ಸ್ಟೀಲಿನ ಲೋಟ ಬಳಸೋಣ. ತೊಳೆಯುವ ಕೆಲಸವನ್ನು ಗಂಡಸರೂ ಹಂಚಿಕೊಳ್ಳೋಣ.

ಮೂರನೆಯದು, ಪ್ರತಿಯೊಬ್ಬರೂ ತಮ್ಮೊಳಗಿನ ಒಂದು ಹೂಳನ್ನು ಹೆಸರಿಟ್ಟು ಗುರುತಿಸೋಣ. ಒಂದೇ ಒಂದು ಸಾಕು. ಪಾಪನಿವೇದನೆಯಲ್ಲಿ ಅದನ್ನು ದೇವರ ಮುಂದಿಟ್ಟು, ಕ್ರಿಸ್ತ ಜಯಂತಿಯವರೆಗೆ ದಿನವೂ ಸ್ವಲ್ಪ ಸ್ವಲ್ಪ ತೆಗೆಯೋಣ. ನಮ್ಮ ಬಾವಿಯ ಕಸ ಒಂದೇ ದಿನದಲ್ಲಿ ಹೊರಬರಲಿಲ್ಲ. ಬುಟ್ಟಿ ಬುಟ್ಟಿಯಾಗಿ ಬಂದಿತು.

ಪ್ರಿಯರೇ, ಮಗು ಹುಟ್ಟಿದಾಗ ಈ ಮಗು ಮುಂದೆ ಏನಾಗುವುದೋ ಎಂದು ಜಕರೀಯನ ನೆರೆಹೊರೆಯವರು ಬೆರಗಾದರಂತೆ. ನಮ್ಮ ಮನೆಗಳಲ್ಲಿ ಹುಟ್ಟುತ್ತಿರುವ ಮಕ್ಕಳ ಬಗ್ಗೆಯೂ ಅದೇ ಪ್ರಶ್ನೆ ಇದೆ. ಅವರಿಗೆ ದೀಕ್ಷಾಸ್ನಾನ ಕೊಡಲು ನಾವು ಯಾವ ನೀರನ್ನು ಉಳಿಸಿರುತ್ತೇವೆ? ಗೇಟಿನ ಸಲಾಕೆ ಹಿಡಿದು ನಿಂತ ಆ ತಾಯಿಯ ಪ್ರಶ್ನೆಗೆ ಅವರು ಮತ್ತೆ ಉತ್ತರಿಸಬೇಕಾಗಿ ಬಾರದಿರಲಿ. ಜೋರ್ಡಾನ್ ನದಿಯಲ್ಲಿ ತಮ್ಮ ಪುತ್ರನನ್ನು ಪ್ರಕಟಪಡಿಸಿದ ತಂದೆಯಾದ ದೇವರು ನಮ್ಮ ಬೀದರ, ಭಾಲ್ಕಿ, ಔರಾದಿನ ನೆಲಕ್ಕೆ ಸಕಾಲದಲ್ಲಿ ಮಳೆಯನ್ನೂ, ಅದನ್ನು ಹಿಡಿದು ಹಂಚುವ ಬುದ್ಧಿಯನ್ನು ನಮಗೂ ದಯಪಾಲಿಸಲಿ. ಆಮೆನ್.